ದವಡೆಯ ಸಂದಿನಲ್ಲಿ ನಾನೂರು ವರ್ಷ

ಸುರಪುರ ಸೀಮೆಯ ಬೋನಾಳದ ಕೆರೆಗೆ ಎಷ್ಟು ವಯಸ್ಸೋ, ಈ ಸೀಮೆಯ ಜನರ ಬಾಯಿಗೆ ತಂಬಾಕು ಬಿದ್ದೂ ಹೆಚ್ಚುಕಡಿಮೆ ಅಷ್ಟೇ ವರ್ಷವಾಗಿದೆ. ಸುರಪುರದ ನಾಯಕರ ಕಾಲದ್ದು, 17ನೇ ಶತಮಾನದ್ದು ಎಂದು ಹೇಳುವ ಆ ಕೆರೆ ಇವತ್ತು ಪಕ್ಷಿಧಾಮವಾಗಿ ಹೆಸರಾಗಿದೆ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ತಂಬಾಕಿನ ವಯಸ್ಸನ್ನು ಮಾತ್ರ ಯಾರೂ ಕೇಳುವುದಿಲ್ಲ. ಚಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕದಲ್ಲಿ, ಅದು ಅನಾದಿಯಿಂದ ಇದ್ದ ಹಾಗೆ ಕೂತಿದೆ. ಕ್ಯಾನ್ಸರಿಗೆ ಬಂದಿರುವ ಹೊಸ ಚಿಕಿತ್ಸೆಯಾದ ಇಮ್ಯುನೊಥೆರಪಿ, ಅಂದರೆ ದೇಹದ ಕಾವಲು ಕಣಗಳನ್ನೇ ಕ್ಯಾನ್ಸರ್ ಗಂಟಿನ ಮೇಲೆ ಎತ್ತಿಕಟ್ಟುವ ಚಿಕಿತ್ಸೆ, ಬಾಯಿಯ ಕ್ಯಾನ್ಸರಿನಲ್ಲಿ ಬಹುಪಾಲು ರೋಗಿಗಳಿಗೆ ಯಾಕೆ ಹಿಡಿಯುವುದಿಲ್ಲ? ಈ ಪ್ರಶ್ನೆಗೆ ಉತ್ತರವನ್ನು ಪ್ರಯೋಗಾಲಯದಲ್ಲಷ್ಟೇ ಹುಡುಕಿದರೆ ಸಾಲದು, ಅದರ ಒಂದು ದೊಡ್ಡ ಪಾಲು ಈ ಚಂಚಿಯ ಚರಿತ್ರೆಯಲ್ಲಿದೆ ಎಂಬುದು ಇಲ್ಲಿ ನನ್ನ ವಾದ. ಎಲೆ, ಅಡಿಕೆ, ಸುಣ್ಣ, ತಂಬಾಕು ಕೂಡಿ ದವಡೆಯ ಸಂದಿನಲ್ಲಿ ವರ್ಷಗಟ್ಟಲೆ ಕೂತಾಗ ಕೆಡುವುದು ಕೆನ್ನೆಯ ಚರ್ಮ ಮಾತ್ರವಲ್ಲ. ಅಲ್ಲಿಗೆ ರಿಪೇರಿಗೆಂದು ಬರುವ ಬಿಳಿ ರಕ್ತಕಣಗಳ ನಡತೆಯೂ ಕೆಡುತ್ತದೆ. ಗಂಟು ಕಾಣಿಸಿಕೊಳ್ಳುವ ಹೊತ್ತಿಗೆ ಔಷಧದ ಸೋಲಿಗೆ ಬೇಕಾದ ನೆಲ ಆಗಲೇ ಹದವಾಗಿರುತ್ತದೆ.

ಮೊದಲು ರೂಢಿಯ ವಿಚಾರ. ತಾಂಬೂಲ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಬಸವಣ್ಣನವರ ಒಡನಾಡಿ ಅಪ್ಪಣ್ಣನವರ ಹೆಸರಿನ ಹಿಂದೆ ಅಂಟಿಕೊಂಡಿರುವ ಹಡಪವೆಂದರೆ ಎಲೆಯಡಿಕೆಯ ಚೀಲವೇ. ಅವರಿಗಿಂತ ತುಸು ಮುಂಚೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳ ನಡುವೆ ತಾಂಬೂಲಕ್ಕೂ ಜಾಗ ಕೊಟ್ಟಿದ್ದಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ದೂತ ಅಬ್ದುರ್ ರಜಾಕ್ ವೀಳ್ಯದೆಲೆಯ ಗುಣವನ್ನು ಬಾಯ್ತುಂಬ ಹೊಗಳಿದ. ಇವರಲ್ಲಿ ಯಾರ ಬಾಯಲ್ಲೂ ತಂಬಾಕು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಒಳನಾಡಿಗೆ ಹತ್ತಿದ್ದು ಆಮೇಲಿನ ಮಾತು. 1604ರ ಸುಮಾರಿಗೆ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡು ಬೆರಗಾಗಿ, ಚಂದದ ಕೊಳವೆಯೊಂದರ ಸಮೇತ ಅದನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಅಕ್ಬರ್ ಒಂದೆರಡು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮ ಮಾತ್ರ, ನಮ್ಮ ಗ್ರಂಥಗಳಲ್ಲಿ ಇದರ ಸೊಲ್ಲೇ ಇಲ್ಲ, ಗೊತ್ತಿಲ್ಲದ ವಸ್ತುವನ್ನು ದೊರೆ ಸೇವಿಸುವುದು ಬೇಡವೆಂದು ಅಡ್ಡಬಂದ. ಭಾರತದಲ್ಲಿ ತಂಬಾಕಿನ ಬಗ್ಗೆ ನಡೆದ ಮೊದಮೊದಲ ವೈದ್ಯಕೀಯ ತಕರಾರುಗಳಲ್ಲಿ ಒಂದು ಹೀಗೆ ಬಿಜಾಪುರದಿಂದ ಹೋದ ಸೊಪ್ಪಿನ ಮೇಲೆಯೇ ನಡೆಯಿತು. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿಯೂ ನೋಡಿದ, ಅದು ನಿಲ್ಲಲಿಲ್ಲ.

ಆದಿಲಶಾಹಿಯ ನೆರಳಿನಲ್ಲಿ ಬೆಳೆದ ಸುರಪುರ, ಶಹಾಪುರ ಸೀಮೆಗೆ ಬಿಜಾಪುರದ ದರ್ಬಾರು ದೂರವೇನಲ್ಲ. ಹುಕ್ಕಾ ದರ್ಬಾರಿನವರ ಚೈನಿಯಾಗಿ ಉಳಿಯಿತು. ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಒಗ್ಗಿದ್ದು ಜಗಿಯುವ ತಂಬಾಕು. ಬೆಂಕಿ ಬೇಡ, ಎರಡೂ ಕೈ ಖಾಲಿ, ಹಸಿವನ್ನೂ ಒಂದಷ್ಟು ಹೊತ್ತು ತಡೆಯುತ್ತದೆ. ಹಳೆಯ ತಾಂಬೂಲದ ಮರ್ಯಾದೆಯನ್ನೆಲ್ಲ ಅದು ಬಾಡಿಗೆಗೆ ಪಡೆಯಿತು. ಮದುವೆಯ ವೀಳ್ಯ, ಪಂಚಾಯಿತಿಯ ವೀಳ್ಯ, ಬಂದವರಿಗೆ ಮುಂದೆ ಸರಿಸುವ ತಟ್ಟೆ, ಇವೆಲ್ಲದರೊಳಗೆ ತಂಬಾಕಿನ ಎಸಳು ಸದ್ದಿಲ್ಲದೆ ಸೇರಿತು. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಅಲ್ಲಿಗೆ ಬರುವ ಮೊದಲೇ, 1839ರಲ್ಲಿ, ಠಕ್ಕರ ಮೇಲೊಂದು ಕಾದಂಬರಿ ಬರೆದು ಹೆಸರು ಮಾಡಿದ್ದ. ಆ ಕಾದಂಬರಿಯ ಠಕ್ಕರು ದಾರಿಹೋಕರ ಕುತ್ತಿಗೆಗೆ ರುಮಾಲು ಹಾಕುವ ಮುನ್ನ ಕೊಡುವ ಸಂಕೇತ, ತಂಬಾಕು ತರಲು ಕೂಗಿ ಹೇಳುವುದು. ಯಾರಿಗೂ ಅನುಮಾನ ಬಾರದ ಮಾತು ಅದೊಂದೇ ಎಂದು ಅವರಿಗೆ ಗೊತ್ತಿತ್ತು. ಇದು ಅಡ್ಡಮಾತು, ಆದರೂ ಆ ಹೊತ್ತಿಗೆ ತಂಬಾಕು ಎಷ್ಟು ಮಾಮೂಲಿಯಾಗಿತ್ತು ಎಂಬುದಕ್ಕೆ ಸಾಕ್ಷಿ. ಇದೆಲ್ಲ ಹಿಂದಿನಿಂದ ಬಂದ ಪದ್ಧತಿ, ಅಜ್ಜ ಮುತ್ತಜ್ಜರು ತಿಂದು ನೂರು ವರ್ಷ ಬದುಕಲಿಲ್ಲವೇ ಎನ್ನುವವರಿಗೆ ಮೊದಲ ಉತ್ತರ ಈ ಇಸವಿಗಳಲ್ಲೇ ಇದೆ. ಎಲೆಯಡಿಕೆಗೆ ಸಾವಿರ ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ, ತಂಬಾಕಿಗೆ ನಾನೂರು, ಗುಟಖಾ ಚೀಟಿಗೆ ಕೆಲವೇ ದಶಕ. ಹಳೆಯ ಎಲೆಯಡಿಕೆಯಾದರೂ ನಿರಪಾಯವೇ ಎಂದರೆ, ಅದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 1985ರಲ್ಲಿ ತಂಬಾಕು ಸೇರಿದ ಎಲೆಯಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. 2004ರಲ್ಲಿ ಪ್ರಕಟವಾದ ಅದರ ಸಂಪುಟ ತಂಬಾಕಿಲ್ಲದ ಎಲೆಯಡಿಕೆಯನ್ನೂ ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಮ್ಮ ರಾಜ್ಯಕ್ಕೆ ಇದು ಕೇಳಲು ಹಿತವಾದ ಮಾತಲ್ಲ.

ವೈದ್ಯರಿಗೆ ಈ ಸಂಬಂಧ ಹೊಳೆದು ನೂರು ವರ್ಷ ದಾಟಿದೆ. 1902ರಲ್ಲಿ ಮದ್ರಾಸಿನ ನಿಬ್ಲಾಕ್, 1933ರಲ್ಲಿ ತಿರುವಾಂಕೂರಿನ ಆರ್ ಎಂಬ ವೈದ್ಯರು ಎಲೆಯಡಿಕೆ ಜಗಿಯುವವರ ಬಾಯಿಯ ಹುಣ್ಣಿನ ಬಗ್ಗೆ ಬರೆದರು. ಯುರೋಪ್, ಅಮೆರಿಕಗಳಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ನಾಲಗೆಯಲ್ಲಿ ಹುಟ್ಟಿದರೆ, ನಮ್ಮಲ್ಲಿ ಅದು ಹೆಚ್ಚಾಗಿ ಹುಟ್ಟುವುದು ಒಸಡೂ ಕೆನ್ನೆಯೂ ಕೂಡುವ ಸಂದಿನಲ್ಲಿ, ತಂಬಾಕಿನ ಉಂಡೆ ಒತ್ತಿಟ್ಟುಕೊಳ್ಳುವ ಅದೇ ಜಾಗದಲ್ಲಿ. ಸುಣ್ಣ ಅಲ್ಲಿನ ಕ್ಷಾರವನ್ನು ಏರಿಸುತ್ತದೆ. ಅದರಿಂದ ನಿಕೋಟಿನ್ ಬೇಗ ರಕ್ತಕ್ಕಿಳಿಯುತ್ತದೆ, ಅಡಿಕೆಯ ಒಗರಿನಿಂದ ಜೀವಕೋಶಗಳನ್ನು ಸುಡುವ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಅಡಿಕೆಯಲ್ಲಿರುವ ಅರೆಕೋಲಿನ್ ಮತ್ತು ತಾಮ್ರದ ಅಂಶ ಚರ್ಮದಡಿಯ ನಾರನ್ನು ಹೆಚ್ಚಿಸುತ್ತವೆ. ಕೆನ್ನೆ ಬಿಳಿಚಿಕೊಂಡು ಹಲಗೆಯಂತೆ ಬಿಗಿಯುವ, ಬಾಯಿ ತೆರೆಯಲಾಗದ ಆ ರೋಗವನ್ನು 1952ರಲ್ಲಿ ಮೊದಲು ವಿವರಿಸಿದ್ದು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ. ರೂಢಿ ಹಡಗು ಹತ್ತಿ ಹೋದಲ್ಲೆಲ್ಲ ರೋಗವೂ ಹೋಗಿತ್ತು. ಎರ್ನಾಕುಲಂನಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಬಿಡದೆ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 7.6 ಮಂದಿಗೆ ಕ್ಯಾನ್ಸರ್ ಬಂದಿತ್ತು. ಸಂಖ್ಯೆ ಚಿಕ್ಕದೆನಿಸಬಹುದು. ನನ್ನ ವಾದಕ್ಕೆ ಮುಖ್ಯವಾದದ್ದು ಆ 17 ವರ್ಷ: ಉರಿಯೂತ ಮೊದಲಾಗಿ ಗಂಟು ಮೂಡುವವರೆಗಿನ ಆ ದೀರ್ಘ ಕಾಲದಲ್ಲಿ ಕೆನ್ನೆಯೊಳಗೆ ನಡೆಯುವುದೇನು ಎಂಬುದು.

ಅಲ್ಲಿ ನಡೆಯುವುದನ್ನು ಮೊದಲು ಊಹಿಸಿದವನು ಜರ್ಮನಿಯ ರುಡಾಲ್ಫ್ ಫಿರ್ಕೋ. ರಕ್ತದಲ್ಲಿ ಬಿಳಿಕಣಗಳು ಮಿತಿಮೀರಿ ಹೆಚ್ಚುವ ಕಾಯಿಲೆಗೆ ಲ್ಯುಕೇಮಿಯ ಎಂದು ಹೆಸರಿಟ್ಟವನೂ ಇವನೇ. 1863ರಲ್ಲಿ, ಗಂಟುಗಳೊಳಗೆ ಬಿಳಿಕಣಗಳು ಕಿಕ್ಕಿರಿದಿರುವುದನ್ನು ಕಂಡು, ದೀರ್ಘಕಾಲದ ಕೆರಳಿಕೆ ಇರುವಲ್ಲೇ ಕ್ಯಾನ್ಸರ್ ಹುಟ್ಟುತ್ತದೆ ಎಂದ. ಇಪ್ಪತ್ತು ವರ್ಷದ ಬಳಿಕ ಕಥೆ ಬೇರೆ ದಿಕ್ಕಿಗೆ ತಿರುಗಿತು. 1882ರಲ್ಲಿ ಸಿಸಿಲಿಯ ಮೆಸ್ಸೀನದಲ್ಲಿ ಎಲೀ ಮೆಚ್ನಿಕೋವ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅಲೆಮಾರಿ ಕಣಗಳು ಆ ಮುಳ್ಳನ್ನು ಮುತ್ತಿಕೊಳ್ಳುವುದನ್ನು ನೋಡಿದ. ಬಿಳಿಕಣವೆಂದರೆ ದೇಹದ ಕಾವಲುಗಾರ ಎಂಬ, ಇವತ್ತಿಗೂ ಶಾಲೆಯ ಪುಸ್ತಕಗಳಲ್ಲಿರುವ ಚಿತ್ರ ಅಲ್ಲಿಂದ ಬಂತು. 1908ರ ನೊಬೆಲ್ ಅವನಿಗೂ ಪಾಲ್ ಎರ್ಲಿಕ್‌ಗೂ ಹಂಚಿಹೋಯಿತು. ಫಿರ್ಕೋ ಕಂಡ ಕೇಡಿನ ಮುಖ, ಮೆಚ್ನಿಕೋವ್ ಕಂಡ ಕಾವಲಿನ ಮುಖ ಎರಡೂ ನಿಜವೆಂದು ಒಪ್ಪಿಕೊಳ್ಳಲು ವಿಜ್ಞಾನಕ್ಕೆ ನೂರು ವರ್ಷ ಹಿಡಿಯಿತು. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಗಂಟನ್ನು ಮಾಯದ ಗಾಯಕ್ಕೆ ಹೋಲಿಸಿದಾಗ ಎರಡೂ ಒಂದೆಡೆ ಕೂಡಿದವು. ಗಾಯವಾದಾಗ ಬಿಳಿಕಣಗಳು ಮೊದಲು ಕಾದಾಡುತ್ತವೆ, ಆಮೇಲೆ ಕಾದಾಟ ನಿಲ್ಲಿಸಿ ದುರಸ್ತಿಗೆ ತೊಡಗುತ್ತವೆ: ಹೊಸ ರಕ್ತನಾಳ ಎಳೆಯುತ್ತವೆ, ನಾರು ಹೆಣೆಯಿಸುತ್ತವೆ, ಟಿ-ಕಣಗಳೆಂಬ ಕೆರಳಿದ ಕಾದಾಳು ಬಿಳಿಕಣಗಳನ್ನು ಸುಮ್ಮನಾಗಿಸುತ್ತವೆ. ಮಾಯುವ ಗಾಯಕ್ಕೆ ಇದೆಲ್ಲ ಬೇಕು. ಆದರೆ ದಿನಕ್ಕೆ ಹತ್ತು ಸಲ ತಂಬಾಕು ಬೀಳುವ ಕೆನ್ನೆಯಲ್ಲಿ ಗಾಯ ಮಾಯುವುದೇ ಇಲ್ಲ, ದುರಸ್ತಿಯೂ ಮುಗಿಯುವುದಿಲ್ಲ. ಬಾಯಿ ಬಿಗಿದವರ ಕೆನ್ನೆಯ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಚರ್ಮದ ಕೆಳಗೆ ಲಿಂಫೋಸೈಟು, ಮ್ಯಾಕ್ರೋಫೇಜು ಎಂಬ ಬಿಳಿಕಣಗಳ ಸಾಲು ಕಾಣುತ್ತದೆ, ಜೊತೆಗೆ ಟಿಜಿಎಫ್-ಬೀಟಾ ಎಂಬ ರಸಸಂಕೇತದ ಹೆಚ್ಚಳವೂ ಇರುತ್ತದೆ. ನಾರು ಹೆಣೆಯಿರಿ ಎಂದು ಹೇಳುವ ಸಂಕೇತ ಅದು. ಟಿ-ಕಣಗಳಿಗೆ ತಣ್ಣಗಿರಿ ಎಂದು ಹೇಳುವುದೂ ಅದೇ.

ಇಮ್ಯುನೊಥೆರಪಿ ಕೈಹಾಕುವುದು ಇಂಥ ಜಾಗಕ್ಕೆ. ಟಿ-ಕಣದ ಮೈಮೇಲಿನ ಪಿಡಿ-1 ಎಂಬ ಬಿರಡೆಯನ್ನು 1992ರಲ್ಲಿ ಜಪಾನಿನ ತಸುಕು ಹೊಂಜೊ ಗುಂಪು ಕಂಡುಹಿಡಿಯಿತು. ಸಿಟಿಎಲ್‌ಎ-4 ಎಂಬ ಇನ್ನೊಂದನ್ನು ತಡೆದರೆ ಇಲಿಗಳಲ್ಲಿ ಗಂಟು ಕರಗುತ್ತದೆಂದು 1996ರಲ್ಲಿ ಜೇಮ್ಸ್ ಆಲಿಸನ್ ತೋರಿಸಿದರು. 2018ರ ನೊಬೆಲ್ ಇಬ್ಬರಿಗೂ ಸಂದಿತು. ಕೆರೆಯ ಸೀಮೆಯವರಿಗೆ ಇದನ್ನು ತೂಬಿನ ಲೆಕ್ಕದಲ್ಲಿ ಹೇಳುವುದು ಸುಲಭ. ನಿವೊಲುಮಾಬ್, ಪೆಂಬ್ರೊಲಿಜುಮಾಬ್‌ನಂಥ ಔಷಧಗಳು ಮಾಡುವುದು ತೂಬು ಎತ್ತುವ ಕೆಲಸ. ತೂಬು ಎತ್ತಿದ ಮೇಲೂ ಹೊಲ ಒಣಗಿದ್ದರೆ ಕಾರಣ ಮೂರು ಇರಬಹುದು. ಕೆರೆಯಲ್ಲೇ ನೀರಿಲ್ಲ, ಎಂದರೆ ಗಂಟಿನ ಸುತ್ತ ಟಿ-ಕಣಗಳೇ ಬಂದಿಲ್ಲ. ಇಲ್ಲವೇ ಹೊಲದ ಬಾಯಿ ಕಟ್ಟಿದೆ, ಅಂದರೆ ಕ್ಯಾನ್ಸರ್ ಕೋಶವೇ ತನ್ನ ಗುರುತನ್ನು ಅಳಿಸಿಕೊಂಡಿದೆ. ಅದೂ ಅಲ್ಲದಿದ್ದರೆ ಕಾಲುವೆಯಲ್ಲಿ ಹೂಳು ತುಂಬಿದೆ. ಬಾಯಿಯ ಕ್ಯಾನ್ಸರಿನಲ್ಲಿ ಈ ಹೂಳೇ ದೊಡ್ಡದು, ಮತ್ತು ಅದರ ಬಹುಭಾಗ ಬಿಳಿಕಣಗಳೇ. ಪಕ್ಷ ಬದಲಿಸಿದ ಮ್ಯಾಕ್ರೋಫೇಜುಗಳು ಪಿಡಿ-1ಕ್ಕೆ ಜೋಡಿಯಾದ ಕೀಲಿಯನ್ನು ತಾವೇ ಹೊತ್ತು ತಿರುಗುತ್ತವೆ. ದೀರ್ಘ ಉರಿಯೂತದ ಕರೆಗೆ ಮೂಳೆಯ ಮಜ್ಜೆ ಬಲಿಯದ ಕಣಗಳನ್ನೇ ಹೊರಗೆ ಕಳಿಸುತ್ತದೆ; ಟಿ-ಕಣಗಳ ಆಹಾರ ಕಸಿದು ಅವನ್ನು ಸೊರಗಿಸುವ ಈ ಕಣಗಳಿಗೆ ಒಮ್ಮತದ ಹೆಸರು ಸಿಕ್ಕಿದ್ದೇ 2007ರಲ್ಲಿ. ಟಿ-ಕಣಗಳಲ್ಲೇ ತಮ್ಮವರನ್ನು ತಡೆಯುವ ಒಂದು ಬಣವಿದೆ ಎಂದು 1995ರಲ್ಲಿ ಶಿಮೊನ್ ಸಕಾಗುಚಿ ತೋರಿಸಿದರು, 2025ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮರುಕಳಿಸಿದ 361 ರೋಗಿಗಳ ಮೇಲೆ ನಿವೊಲುಮಾಬ್ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಔಷಧ ಪಡೆದವರ ಪೈಕಿ ಗಂಟು ಗಮನಾರ್ಹವಾಗಿ ಕುಗ್ಗಿದ್ದು ಶೇ. 13.3 ಮಂದಿಗೆ ಮಾತ್ರ. ಹಳೆಯ ಚಿಕಿತ್ಸೆಯ ಶೇ. 5.8ಕ್ಕಿಂತ ಅದು ಮೇಲು, ನಿಜ. ಉಳಿದ ನೂರಕ್ಕೆ ಸುಮಾರು ಎಂಬತ್ತೇಳು ಮಂದಿಯ ಮಾತೇನು?

ಇಲ್ಲಿ ತಿಳಿದವರು ಎತ್ತುವ ಗಟ್ಟಿಯಾದ ಆಕ್ಷೇಪಣೆಯೊಂದಿದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಸಿಗರೇಟು ಸೇದಿದವರಿಗೇ ಇಮ್ಯುನೊಥೆರಪಿ ಹೆಚ್ಚು ಹಿಡಿಯುತ್ತದೆ, ಸೇದದವರಿಗೆ ಕಡಿಮೆ. ಹೊಗೆ ಕೋಶಗಳ ವಂಶವಾಹಿಯಲ್ಲಿ ಅಷ್ಟು ತಪ್ಪು ಮಾಡಿರುತ್ತದೆ, ತಪ್ಪು ಹೆಚ್ಚಿದಷ್ಟೂ ಕೋಶ ಟಿ-ಕಣಗಳ ಕಣ್ಣಿಗೆ ಪರಕೀಯವಾಗಿ ಕಾಣುತ್ತದೆ. ಹಾಗಿದ್ದರೆ ತಂಬಾಕು ಔಷಧಕ್ಕೆ ಅಡ್ಡಿಯೆನ್ನುವುದು ಹೇಗೆ? ಉತ್ತರ ಜಾಗದಲ್ಲಿದೆ. ತಂಬಾಕಿನ ಗುರುತು ಹೊತ್ತ ಗಂಟುಗಳನ್ನು ಅಂಗ ಬಿಡಿಸಿ ನೋಡಿದಾಗ, ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಗಂಟಿನ ಸುತ್ತಲಿನ ವಾತಾವರಣ ಉರಿಯೂತದ ಕಡೆ ವಾಲಿದ್ದರೆ, ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಟಿ-ಕಣಗಳು ಕಡಿಮೆಯಾಗಿ ಅದು ತಣ್ಣಗಾಗಿದ್ದು ಕಂಡಿದೆ. ಹೊಗೆ ಹಾದುಹೋಗುತ್ತದೆ, ಉಂಡೆ ಒಂದೇ ಕಡೆ ಕೂತಿರುತ್ತದೆ. ಸುಣ್ಣ ಅಡಿಕೆಗಳ ಗಾಯ ಅದರ ಜೊತೆಗಿರುತ್ತದೆ. ಈ ಕೊನೆಯ ಮಾತು ನನ್ನ ತರ್ಕವೆಂದು ಒಪ್ಪುತ್ತೇನೆ, ಅಂಗ ಬದಲಾದರೆ ಬಿಳಿಕಣಗಳ ನಡತೆ ಬದಲಾಗುವುದು ಮಾತ್ರ ಕಂಡ ಸಂಗತಿ. ಇದಕ್ಕೆ ಇನ್ನೊಂದು ಸಂಗತಿ ಸೇರಿಸಬೇಕು. ಪಶ್ಚಿಮದ ದೇಶಗಳಲ್ಲಿ ಗಂಟಲಿನ ಕ್ಯಾನ್ಸರಿನ ದೊಡ್ಡ ಪಾಲು ಎಚ್‌ಪಿವಿ ವೈರಸ್ಸಿನಿಂದ ಬರುತ್ತದೆ. ವೈರಸ್ ಇದ್ದಲ್ಲಿ ಟಿ-ಕಣಗಳೂ ಹೆಚ್ಚು ಸೇರುತ್ತವೆ. ನಮ್ಮ ಕೆನ್ನೆಯ ಕ್ಯಾನ್ಸರಿಗೆ ಆ ಅನುಕೂಲವಿಲ್ಲ. ಒಂದೇ ಹೆಸರಿನ ಕಾಯಿಲೆ, ಹುಟ್ಟಿದ ಬಗೆ ಬೇರೆ.

ಬಿಳಿಕಣಗಳ ಮೇಲೆ ಇಷ್ಟೊಂದು ಗೂಬೆ ಕೂರಿಸುವುದು ಸರಿಯೇ, ನಿಜವಾದ ತಪ್ಪು ಕ್ಯಾನ್ಸರ್ ಕೋಶದ ವಂಶವಾಹಿಯದ್ದಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಪಾಲು ಕೊಡಬೇಕಾದಲ್ಲಿ ಕೊಡೋಣ. ಮೊದಲು ಗುಣ ಕಂಡು ಆಮೇಲೆ ಮರುಕಳಿಸಿದ ನಾಲ್ವರು ಚರ್ಮದ ಕ್ಯಾನ್ಸರ್ ರೋಗಿಗಳನ್ನು 2016ರಲ್ಲಿ ಪರಿಶೀಲಿಸಿದಾಗ, ಮೂವರಲ್ಲಿ ಕ್ಯಾನ್ಸರ್ ಕೋಶವೇ ರೂಪಾಂತರಗೊಂಡು ಟಿ-ಕಣಗಳಿಂದ ತಪ್ಪಿಸಿಕೊಂಡದ್ದು ಸ್ಪಷ್ಟವಾಯಿತು. ಇದು ಹೂಳಿನ ಕೆಲಸವಲ್ಲ, ಹೊಲದ ಬಾಯಿ ಕಟ್ಟಿದ್ದು. ಆದರೆ ಇದು ಒಮ್ಮೆ ಹಿಡಿದ ಔಷಧ ಕೈಕೊಟ್ಟ ಕಥೆ. ಮೊದಲಿನಿಂದಲೇ ಹಿಡಿಯದವರ ಕಥೆ ಬೇರೆ, ಅಲ್ಲಿ ಸುತ್ತಲಿನ ಕಣಗಳ ಪಾತ್ರ ಹಿರಿದು. ಬಿಳಿಕಣಗಳು ಹುಟ್ಟಾ ದ್ರೋಹಿಗಳಲ್ಲ ಎಂಬುದಕ್ಕೂ ಪುರಾವೆ ಇದೆ. 2009ರಲ್ಲಿ ಇಲಿಗಳಲ್ಲಿ ಅದೇ ಟಿಜಿಎಫ್-ಬೀಟಾವನ್ನು ತಡೆದಾಗ, ಅಲ್ಲಿಯವರೆಗೆ ಗಂಟಿಗೆ ಒತ್ತಾಸೆಯಾಗಿದ್ದ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ತಿರುಗಿಬಿದ್ದು ಗಂಟನ್ನೇ ಕೊಲ್ಲತೊಡಗಿದವು. ಯಾವ ಸಂಕೇತ ಎಷ್ಟು ಕಾಲ ಕಿವಿಗೆ ಬಿತ್ತು ಎಂಬುದರ ಮೇಲೆ ಅವುಗಳ ಪಕ್ಷ ನಿಲ್ಲುತ್ತದೆ. ಅಡಿಕೆ ತಿನ್ನುವವನ ಕೆನ್ನೆಯಲ್ಲಿ ಆ ಸಂಕೇತ ಗಂಟಿಗಿಂತ ಮುಂಚೆಯೇ, ವರ್ಷಗಟ್ಟಲೆ ಮೊಳಗಿರುತ್ತದೆ.

ದುಬಾರಿ ಔಷಧದ ಸೋಲುಗೆಲುವಿನ ಚರ್ಚೆ ಬೋನಾಳದಂಥ ಊರಿಗೆ ಯಾಕೆ, ಅಲ್ಲಿಂದ ಕಲಬುರಗಿಯ ಕಿದ್ವಾಯಿ ಶಾಖೆಗೋ ಬೆಂಗಳೂರಿಗೋ ಹೋಗುವುದೇ ದೊಡ್ಡ ಮಾತಲ್ಲವೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ಬಾಯಿಯ ಕ್ಯಾನ್ಸರಿನವರು ಬರುತ್ತಾರೆ, ಬಹಳ ಮಂದಿ ತಡವಾಗಿ ಬರುತ್ತಾರೆ. ಅದೇ ನಗರದ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ರೋಗಿಯದೇ ಟಿ-ಕಣಗಳನ್ನು ತಿದ್ದಿ ವಾಪಸು ಕೊಡುವ ಚಿಕಿತ್ಸೆಯನ್ನು ಮಾರುಕಟ್ಟೆಗೆ ತಂದಿತು. ಮುಂಬೈನ ನೆಕ್ಸ್‌ಕಾರ್19ಕ್ಕೆ 2023ರಲ್ಲೇ ಅನುಮತಿ ಸಿಕ್ಕಿತ್ತು. ಎರಡೂ ರಕ್ತದ ಕ್ಯಾನ್ಸರಿಗೆ. ಗಟ್ಟಿ ಗಂಟಿನೊಳಗೆ ನುಗ್ಗಲು ತಿದ್ದಿದ ಟಿ-ಕಣಕ್ಕೂ ಕಷ್ಟ, ಕಾರಣಗಳಲ್ಲಿ ಅದೇ ಹೂಳು ಒಂದು. ಬಡವರ ಬಾಯಿಯ ಕ್ಯಾನ್ಸರಿಗೆ ಹತ್ತಿರವಾದ ಕೆಲಸ ನಡೆದದ್ದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಅಲ್ಲಿನ ವೈದ್ಯರು ನಿವೊಲುಮಾಬನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮಾಮೂಲಿ ಪ್ರಮಾಣದ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ. ಜೊತೆಗೆ ಮೂರು ಅಗ್ಗದ ಮಾತ್ರೆಗಳು: ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್. 151 ರೋಗಿಗಳ ಈ ಪ್ರಯೋಗದಲ್ಲಿ ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕುಳಿದವರು ಶೇ. 16.3, ನಿವೊಲುಮಾಬ್ ಸೇರಿದವರಲ್ಲಿ ಶೇ. 43.4. ಸೆಲೆಕಾಕ್ಸಿಬ್ ಕೀಲುನೋವಿಗೆ ಕೊಡುವ, ಉರಿಯೂತ ತಗ್ಗಿಸುವ ಮಾತ್ರೆ. ಟಿ-ಕಣಗಳನ್ನು ಮಂಕುಮಾಡುವ ಒಂದು ರಸವನ್ನೂ ಅದು ಕುಗ್ಗಿಸುತ್ತದೆ. ಎರಡೂ ಗುಂಪಿಗೆ ಅದನ್ನು ಕೊಟ್ಟಿದ್ದರಿಂದ ಗೆಲುವಿನ ಶ್ರೇಯಸ್ಸನ್ನು ಅದಕ್ಕೆ ಬರೆಯಲಾಗದು, ಆದರೂ ತೂಬು ಎತ್ತುವಾಗ ಕಾಲುವೆಯ ಹೂಳಿಗೂ ಕೈಹಾಕುವ ದಾರಿ ಅಗ್ಗದ ಮಾತ್ರೆಯಲ್ಲೂ ಇರಬಹುದೆಂಬ ಸುಳಿವು ಅಲ್ಲಿದೆ. ಬೆಲೆ ಇಳಿದರೂ ವರ್ಷದೊಳಗೆ ತೀರಿಕೊಂಡವರು ಅರ್ಧಕ್ಕಿಂತ ಹೆಚ್ಚು. ಔಷಧ ಯಾಕೆ ಹಿಡಿಯುವುದಿಲ್ಲ ಎಂಬ ಪ್ರಶ್ನೆ ಶ್ರೀಮಂತರದ್ದಷ್ಟೇ ಆಗಿ ಉಳಿದಿಲ್ಲ.

ಈ ಚರಿತ್ರೆಯ ಕುರುಹು ತಾಲ್ಲೂಕು ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯಲ್ಲೂ ಸಿಗುತ್ತದೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿಕಣಗಳು 4,000ದಿಂದ 11,000. ಅದರಲ್ಲಿ ನ್ಯೂಟ್ರೋಫಿಲ್ ಎಷ್ಟು, ಲಿಂಫೋಸೈಟ್ ಎಷ್ಟು ಎಂದು ಚೀಟಿಯೇ ಬಿಡಿಸಿ ಹೇಳುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ಅಂಕಿ ದೊಡ್ಡದಾದಷ್ಟೂ ಇಮ್ಯುನೊಥೆರಪಿಯ ಫಲ ಕಡಿಮೆ ಎಂದು ಹಲವು ಬಗೆಯ ಕ್ಯಾನ್ಸರುಗಳಲ್ಲಿ ಕಂಡುಬಂದಿದೆ. ಹಲ್ಲಿನ ಕೀವು, ಜ್ವರ, ಸ್ಟೀರಾಯ್ಡ್ ಮಾತ್ರೆ ಇವೂ ಆ ಅಂಕಿಯನ್ನು ಏರಿಸುವುದರಿಂದ ಅದನ್ನು ತೀರ್ಪೆಂದು ಓದಬಾರದು. ಅಂಕಿಗಿಂತಲೂ ಮುಂಚೆ ಸಿಗುವ ಲಕ್ಷಣ ಇನ್ನೂ ಸಾದಾ, ಅದನ್ನು ಹುಡುಕಬೇಕಾದ ಬಾಯಿಗಳೂ ಕಡಿಮೆಯಿಲ್ಲ. ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟಖಾ ನಿಷೇಧಿಸಿತು. ಅಂಗಡಿಗಳು ಪಾನ್ ಮಸಾಲಾವನ್ನೂ ತಂಬಾಕನ್ನೂ ಎರಡು ಚೀಟಿ ಮಾಡಿ ಮಾರತೊಡಗಿದವು, ಕಲಸುವ ಕೆಲಸ ಗಿರಾಕಿಯ ಅಂಗೈಗೆ ಬಂತು. 2016-17ರ ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರಲ್ಲಿ ಶೇ. 16.3 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು. ಅಂಥವರ ಕೆನ್ನೆ ಬಿಗಿಯತೊಡಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಬಾಯಿ ಅಗಲಿಸಿ, ತಮ್ಮದೇ ಕೈಯ ಮೂರು ಬೆರಳು ಜೋಡಿಸಿ ಮೇಲುಹಲ್ಲು ಕೆಳಹಲ್ಲಿನ ನಡುವೆ ನೆಟ್ಟಗೆ ಇಟ್ಟು ನೋಡಬೇಕು. ಎರಡೇ ಹಿಡಿಸಿದರೆ ಒಳಗೆ ಆಗಲೇ ನಾರು ಹೆಣೆಯುವುದು ಶುರುವಾಗಿರಬಹುದು, ಮತ್ತು ಆ ಹೊತ್ತಿಗೆ ಸಾಮಾನ್ಯವಾಗಿ ಗಂಟು ಇನ್ನೂ ಹುಟ್ಟಿರುವುದಿಲ್ಲ.